99.7ರಲ್ಲಿ ಇಲ್ಲದ ಸ್ಟೇಷನ್

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ದುಡ್ಡು ಹಾಕಿ ಒಂದು ಎಸ್‌ಡಿಆರ್ ಡಾಂಗಲ್ ತಗೊಂಡ್ವಿ. ಹಾಸ್ಟೆಲ್ ಟೆರೇಸ್ ಮೇಲೆ ಆಂಟೆನಾ ಕಟ್ಟಿ ನೋಡಿದರೆ, 99.7 ಮೆಗಾಹರ್ಟ್ಸ್‌ನಲ್ಲಿ ಹೊಸ ಸ್ಟೇಷನ್! ಕೇಳಿದರೆ ಎರಡು ಸ್ಟೇಷನ್ನಿನ ಮಾತು ಚಿತ್ರಾನ್ನದ ಹಾಗೆ ಕಲಸಿಹೋಗಿತ್ತು. ಬೆಂಗಳೂರಿನ ಎಫ್‌ಎಂ ರೈನ್‌ಬೋ 101.3, ವಿವಿಧ ಭಾರತಿ 102.9. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದನ್ನು ಕಳೆಯಿರಿ, ಅದೇ 99.7.

ಎರಡು ಜೋರಾದ ಸಿಗ್ನಲ್ ಒಟ್ಟಿಗೆ ನುಗ್ಗಿದಾಗ ಡಾಂಗಲ್‌ನ ಮೊದಲ ಆಂಪ್ಲಿಫೈಯರ್ ತಾನೇ ಮೂರನೆಯದನ್ನು ಹುಟ್ಟಿಸುತ್ತೆ. ಆಂಟೆನಾ ಕೇಬಲ್‌ಗೆ 10 ಡಿಬಿ ಅಟೆನ್ಯುಯೇಟರ್ ಹಾಕಿದರೆ ನಿಜವಾದ ಸ್ಟೇಷನ್ 10 ಡಿಬಿ ಇಳಿಯುತ್ತೆ, ಈ ದೆವ್ವ ಸುಮಾರು 30 ಇಳಿಯುತ್ತೆ. ನಮ್ಮ ದೆವ್ವ ಮಾಯವೇ ಆಯ್ತು.

"ಕೋಡ್‌ನಲ್ಲೇ ಫಿಲ್ಟರ್ ಹಾಕ್ರೋ" ಅಂದ್ರು ಸೀನಿಯರ್ಸ್. ಇಲ್ಲೇ ನಮ್ಮ ತಕರಾರು. ದೆವ್ವ ಹುಟ್ಟಿದ ಮೇಲೆ ಅದೂ 99.7ರ ಸಿಗ್ನಲ್ಲೇ. ಅಲ್ಲಿ ನಿಜವಾಗಿ ಒಂದು ಸಣ್ಣ ಸ್ಟೇಷನ್ ಇದ್ದಿದ್ದರೆ ಎರಡನ್ನೂ ಬೇರೆ ಮಾಡೋದು ಹೇಗೆ? ಫಿಲ್ಟರ್ ಆಂಪ್ಲಿಫೈಯರ್‌ಗಿಂತ ಮುಂಚೆ ಇರಬೇಕು, ನಾವು ಕೇಳೋ ಕಡೆಗೆ ತಿರುಗಬೇಕು.

ಅಜ್ಜನ ರೇಡಿಯೊದಲ್ಲಿ ಇದೇ ಇತ್ತು. ಗ್ಯಾಂಗ್ ಕಂಡೆನ್ಸರ್‌ನ ಒಂದೇ ಶಾಫ್ಟ್ ಆಸಿಲೇಟರ್ ಜೊತೆಗೆ ಆಂಟೆನಾ ಕಡೆಯ ಸರ್ಕ್ಯೂಟನ್ನೂ ತಿರುಗಿಸುತ್ತಿತ್ತು. ಈಗ ಅದರ ಜಾಗಕ್ಕೆ ವ್ಯಾರಾಕ್ಟರ್ ಡಯೋಡ್ ಹಾಕಬಹುದು, ವೋಲ್ಟೇಜ್ ಬದಲಿಸಿದರೆ ಸಾಕು. ಆದರೆ ಜೋರಾದ ಸಿಗ್ನಲ್ ಬಂದಾಗ ಆ ಸಿಗ್ನಲ್ಲೇ ಅದರ ಕೆಪಾಸಿಟೆನ್ಸನ್ನು ಅಲುಗಾಡಿಸುತ್ತೆ. ದೆವ್ವ ಬಿಡಿಸೋಕೆ ಕರೆದ ಮಂತ್ರವಾದಿಯೇ ಇನ್ನೊಂದು ದೆವ್ವ ತಂದ ಹಾಗೆ! ಎರಡು ಡಯೋಡನ್ನು ಎದುರುಬದುರು ಜೋಡಿಸಿದರೆ ತೊಂದರೆ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ಫಿಲ್ಟರ್ ಕಿರಿದು ಮಾಡಿದಷ್ಟೂ ಲಾಸ್ ಜಾಸ್ತಿ, ಮುಂದುಗಡೆಯ ಲಾಸ್ ನೇರವಾಗಿ ನಾಯ್ಸ್ ಫಿಗರ್‌ಗೆ ಸೇರುತ್ತೆ. ಎಲ್‌ಸಿ ರೆಸೊನೆನ್ಸ್ ಫಾರ್ಮುಲಾ ಬರೆದು ಐದು ಮಾರ್ಕ್ಸ್ ತಗೊಳ್ಳೋವಾಗ ಈ ಜಗಳ ಯಾವುದೂ ನಮಗೆ ಕಾಣಿಸಿರಲಿಲ್ಲ.

ಇದನ್ನೇ ಮಿನಿ ಪ್ರಾಜೆಕ್ಟ್‌ಗೆ ಕೊಟ್ಟಾಗ ರಿವ್ಯೂನಲ್ಲಿ ಬಂದ ಮೊದಲ ಪ್ರಶ್ನೆ, "ಇದರಲ್ಲಿ ಎಐ ಎಲ್ಲಿದೆ?" ಎಐ ಬೇಡ ಅಂತ ನಾವು ಹೇಳ್ತಿಲ್ಲ. ಆದರೆ ಕೆಟ್ಟು ಬಂದ ಡೇಟಾ ಮೇಲೆ ಮಾಡೆಲ್ ಓಡಿಸಿದರೆ ಪ್ರಾಜೆಕ್ಟು, ಡೇಟಾ ಕೆಡದ ಹಾಗೆ ನೋಡ್ಕೊಂಡರೆ "ಔಟ್‌ಡೇಟೆಡ್" ಅನ್ನೋದು ಯಾವ ನ್ಯಾಯ? ಈ ಸಲ ಅದನ್ನೇ ಮತ್ತೆ ಕೊಡ್ತೀವಿ, ಅಟೆನ್ಯುಯೇಟರ್ ಹಾಕಿದ್ದು, ಹಾಕದ್ದು ಎರಡೂ ರೆಕಾರ್ಡಿಂಗ್ ಸಮೇತ.

ಅಂದಹಾಗೆ, ನಿಮ್ಮ ಮನೆ ಅಟ್ಟದಲ್ಲಿ ಕೆಟ್ಟುಹೋದ ರೇಡಿಯೊ ಇದ್ದರೆ ಗುಜರಿಗೆ ಹಾಕಬೇಡಿ. ಎಎಂ, ಎಫ್‌ಎಂ ಎರಡೂ ಇರೋ ಸೆಟ್ ಆದರೆ ಇನ್ನೂ ಒಳ್ಳೇದು. ಗ್ಯಾಂಗ್ ನಮಗಿರಲಿ, ಡಬ್ಬ ವಾಪಸ್ ಕೊಡ್ತೀವಿ.