ಕಿರಿದಾದ ಫಿಲ್ಟರೇ ಶ್ರೇಷ್ಠವೇ?

ಫಿಲ್ಟರ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಾಫಿ. ನಾನು ಹೇಳಹೊರಟಿರುವುದು ರೇಡಿಯೋ ರಿಸೀವರಿನ ಫಿಲ್ಟರಿನ ವಿಚಾರ. ಆದರೂ ಕಾಫಿಯ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ: ತೂತು ತೀರ ಸಣ್ಣದಾದರೆ ಚರಟ ಬಾರದು ನಿಜ, ಡಿಕಾಕ್ಷನ್ನೂ ಇಳಿಯದು.

ಇಲ್ಲಿ ಅಮೆರಿಕದಲ್ಲಿ ಹವ್ಯಾಸಿ ರೇಡಿಯೋ ಲೈಸೆನ್ಸಿಗೆ ಮೋರ್ಸ್ ಪರೀಕ್ಷೆ 2007ರಲ್ಲಿ ರದ್ದಾಯಿತು. ಆದರೂ ಇಷ್ಟಪಟ್ಟು ಮೋರ್ಸ್ ಕಲಿಯುವವರು ನಮ್ಮ ಮಕ್ಕಳಲ್ಲೂ ಇದ್ದಾರೆ. ಅವರಿಗೆ ಸಿಗುವ ಮೊದಲ ಉಪದೇಶ, "ಫಿಲ್ಟರನ್ನು ಆದಷ್ಟು ಕಿರಿದು ಮಾಡು" ಎಂಬುದು. ಇದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ.

ಸತ್ಯದ ಅರ್ಧ ಹೀಗಿದೆ. ಮಾತಿಗೆ ಸುಮಾರು 2400 ಹರ್ಟ್ಸ್ ಅಗಲ ಬೇಕು. ಮೋರ್ಸಿಗೆ 150 ಸಾಕು. ಗದ್ದಲದ ಶಕ್ತಿ ಅಗಲಕ್ಕೆ ತಕ್ಕಂತೆ ಇರುವುದರಿಂದ 2400ರಿಂದ 500ಕ್ಕೆ ಇಳಿದರೆ ಸುಮಾರು 7 ಡೆಸಿಬೆಲ್ ಲಾಭ. ಅಲ್ಲಿಂದ 250ಕ್ಕೆ ಇಳಿದರೆ ಇನ್ನು 3 ಮಾತ್ರ. ಅದೂ ಪೂರ್ತಿ ದಕ್ಕುವುದಿಲ್ಲ. 700 ಹರ್ಟ್ಸಿನ ನಾದ ಕೇಳುವಾಗ ನಮ್ಮ ಕಿವಿಯೇ ನೂರು, ನೂರೈವತ್ತು ಹರ್ಟ್ಸಿನ ಫಿಲ್ಟರಿನಂತೆ ಕೆಲಸ ಮಾಡುತ್ತಿರುತ್ತದೆ.

ಇನ್ನರ್ಧವನ್ನು ನನ್ನ ಕಸುಬಿನಿಂದ ವಿವರಿಸುತ್ತೇನೆ. ಕ್ರೊಮಟೋಗ್ರಾಫಿನ ರೇಖೆ ನಡುಗದಿರಲೆಂದು ಅದನ್ನು ಅತಿಯಾಗಿ ನಯಗೊಳಿಸಿದರೆ ಅಕ್ಕಪಕ್ಕದ ಎರಡು ಶಿಖರಗಳು ಒಂದಾಗಿಬಿಡುತ್ತವೆ. ಮೋರ್ಸೂ ಹಾಗೆಯೇ. ನಿಮಿಷಕ್ಕೆ 30 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಆಯುಸ್ಸು 40 ಮಿಲಿಸೆಕೆಂಡು. 50 ಹರ್ಟ್ಸಿನ ಫಿಲ್ಟರಿಗೆ ಏಳುವುದಕ್ಕೇ 15ರಿಂದ 20 ಮಿಲಿಸೆಕೆಂಡು ಬೇಕು, ಬೀಳುವುದಕ್ಕೂ ಅಷ್ಟೇ. ಚುಕ್ಕೆಗಳ ನಡುವಿನ ಮೌನ ತುಂಬಿಹೋಗಿ ಎಲ್ಲವೂ ಗಂಟೆಯಂತೆ ರಣಗುಟ್ಟುತ್ತದೆ. ಸಿಡಿಲಿನ "ಚಟ್" ಕೂಡ ಚುಕ್ಕೆಯಂತೆಯೇ ಕೇಳಿಸುತ್ತದೆ. ಹೊಸಬರು ತಮ್ಮ ಕಿವಿಯೇ ಸರಿಯಿಲ್ಲವೆಂದುಕೊಂಡು ಕೈಬಿಡುತ್ತಾರೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಿಕ್ಯು ಕರೆದು 200 ಹರ್ಟ್ಸಿಗೆ ಬಿಗಿದುಕೊಂಡು ಕುಳಿತವರಿಗೆ, 200 ಹರ್ಟ್ಸ್ ಆಚೆ ಉತ್ತರಿಸುವವರು ಇಲ್ಲವೇ ಇಲ್ಲ. ಹಾಗೆ ತುಸು ಆಚೀಚೆ ಉತ್ತರಿಸುವವರು ಯಾರು? ಹೆಚ್ಚಾಗಿ ಹೊಸಬರು, ಮನೆಯಲ್ಲೇ ಬೆಸುಗೆ ಹಾಕಿ ಟ್ರಾನ್ಸ್‌ಮಿಟರ್ ಕಟ್ಟಿಕೊಂಡವರು. ಭಾರತದ "ವಿಯು" ಕರೆಸಂಕೇತಕ್ಕಾಗಿ ರಾತ್ರಿಯೆಲ್ಲ ಕಾದು, ಅದು ಬಂದಾಗ ನಾವೇ ಬಾಗಿಲು ಹಾಕಿಕೊಂಡಿದ್ದರೆ ಫಲವೇನು?

ಆದ್ದರಿಂದ ಹುಡುಕುವಾಗಲೂ ಕರೆಯುವಾಗಲೂ 500 ಅಥವಾ ಅದಕ್ಕಿಂತ ಅಗಲವಿರಲಿ. ಪಕ್ಕದ ಬಲವಾದ ಸ್ಟೇಷನ್ ಕಾಡಿದಾಗ ಮಾತ್ರ 250ಕ್ಕೆ ಇಳಿಯಿರಿ. ಕಾಟ ತಪ್ಪಿದೊಡನೆ ಮತ್ತೆ ಅಗಲಿಸಿರಿ. ಹಳೆಯ ಸೆಟ್ಟಿಗೆ ಒಂದೇ ಕ್ರಿಸ್ಟಲ್ ಫಿಲ್ಟರ್ ಕೊಳ್ಳುವ ಶಕ್ತಿಯಿದ್ದರೆ 500ರದ್ದನ್ನೇ ಕೊಳ್ಳಿರಿ. ಇಂದಿನ ಡಿಜಿಟಲ್ ಸೆಟ್ಟುಗಳಲ್ಲಿ ಗುಂಡಿ ತಿರುಗಿಸಿದರೆ 50ರವರೆಗೂ ಇಳಿಯಬಹುದು. ಗುಂಡಿ ಇದೆಯೆಂದು ಕೊನೆಯವರೆಗೂ ತಿರುಗಿಸಲೇಬೇಕೆಂಬ ನಿಯಮವೇನಿಲ್ಲ.

ಭಿನ್ನಾಭಿಪ್ರಾಯವುಳ್ಳವರು ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಲಿ. ಅವರ ಮಾತಿಗೂ ನನ್ನ ಫಿಲ್ಟರ್ ಅಗಲವಾಗಿಯೇ ಇರುತ್ತದೆ.