ಪಟ್ಟಿಯಲ್ಲಿ ಹೆಸರಿದ್ದೂ ಕೈತಪ್ಪುವ ಸೀಟು

"ಸರ್, ಲಿಸ್ಟ್ ಬಿಟ್ಟಾರೇನ್ರಿ?"

ಮುಂಗಾರು ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಪದವಿ ಮುಗಿಸಿದ ಮಕ್ಕಳು ಕಂಡಕಂಡವರನ್ನೆಲ್ಲ ಕೇಳುವುದು ಇದೊಂದೇ ಮಾತು. ಯಾದಗಿರಿಯ ಝೆರಾಕ್ಸ್ ಅಂಗಡಿ ಇರಲಿ, ಶಹಾಪುರದ ಆನ್‌ಲೈನ್ ಸೆಂಟರ್ ಇರಲಿ, ಸುರಪುರದ ಬಸ್ ನಿಲ್ದಾಣ ಇರಲಿ, ಪ್ಲಾಸ್ಟಿಕ್ ಫೈಲು ಎದೆಗೊತ್ತಿಕೊಂಡು ನಿಂತ ಒಬ್ಬ ಹುಡುಗನೋ ಹುಡುಗಿಯೋ ಕಾಣದೆ ಇರುವುದಿಲ್ಲ. ಆ ಫೈಲಿನಲ್ಲಿ ಹತ್ತನೆಯ ತರಗತಿಯಿಂದ ಹಿಡಿದು ಪದವಿಯ ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿಗಳು, ಜಾತಿ-ಆದಾಯ ಪ್ರಮಾಣಪತ್ರ, ಹೈದರಾಬಾದ್ ಕರ್ನಾಟಕದ (ಹೈ-ಕ) ಸರ್ಟಿಫಿಕೇಟು, ಆಧಾರ್, ನಾಲ್ಕಾರು ಪಾಸ್‌ಪೋರ್ಟ್ ಅಳತೆಯ ಫೋಟೊ. ಇವರು ಕಾಯುತ್ತಿರುವುದು ವಿಶ್ವವಿದ್ಯಾಲಯದ ಪ್ರವೇಶ ಪಟ್ಟಿಗೆ.

ಈ ಮಕ್ಕಳನ್ನು ಹಲವು ವರ್ಷಗಳಿಂದ ನೋಡುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಸೀಟು ಕಳೆದುಕೊಳ್ಳುವುದು ಅಂಕ ಕಡಿಮೆಯಾದದ್ದಕ್ಕಲ್ಲ. ಪಟ್ಟಿ ಬಂದ ದಿನಕ್ಕೂ ಶುಲ್ಕ ಕಟ್ಟುವ ಕೊನೆಯ ದಿನಕ್ಕೂ ನಡುವೆ ಸಿಗುವ ನಾಲ್ಕೈದು ದಿನಗಳಲ್ಲಿ ಅವರ ಸೀಟು ಹೋಗಿಬಿಡುತ್ತದೆ. ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಗೆ ಎರಡನೆಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಅಪ್ಪ, ಅವ್ವ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ಮೇಸ್ತ್ರಿ ವಾರದ ಬಟವಾಡೆ ಕೊಡುವುದು ಭಾನುವಾರ, ಶುಲ್ಕದ ಗಡುವು ಶುಕ್ರವಾರ. ಊರಲ್ಲಿದ್ದ ಮುತ್ಯಾ ಕೈಗಡ ಎತ್ತಿ ತರುವಷ್ಟರಲ್ಲಿ ಜಾಲತಾಣದ ಬಾಗಿಲು ಮುಚ್ಚಿತ್ತು. ಆಕೆಯ ಜಾಗಕ್ಕೆ ಪಟ್ಟಿಯಲ್ಲಿದ್ದ ಮುಂದಿನ ಹೆಸರು ಬಂತು. ಅದರಲ್ಲಿ ನಿಯಮ ತಪ್ಪಿದ್ದು ಏನೂ ಇಲ್ಲ, ಆದರೂ ಆ ಹುಡುಗಿಗೆ ಆದದ್ದು ಅನ್ಯಾಯವೇ.

ವಿಶ್ವವಿದ್ಯಾಲಯದ ಕ್ಯಾಲೆಂಡರ್ ಒಂದು ಕಡೆ, ಈ ನೆಲದ ದುಡ್ಡಿನ ಕ್ಯಾಲೆಂಡರ್ ಇನ್ನೊಂದು ಕಡೆ. ಪಟ್ಟಿ ಬರುವ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ರೈತನ ದುಡ್ಡೆಲ್ಲ ಹೊಲದೊಳಗೆ ಇರುತ್ತದೆ. ಬೀಜ, ಗೊಬ್ಬರ, ಕಳೆ ತೆಗೆಸುವ ಕೂಲಿ, ಹತ್ತಿಗೆ ಎಣ್ಣೆ ಹೊಡೆಸುವ ಖರ್ಚು ಎಲ್ಲವೂ ಆಗಲೇ. ತೊಗರಿ ರಾಶಿಯಾಗಿ ಕೈಗೆ ಕಾಸು ಬರುವುದು ಡಿಸೆಂಬರ್ ಕಳೆದ ಮೇಲೆ. ಕೃಷ್ಣೆಯ ನೀರು ಹರಿಯುವ ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲೂ ಅಷ್ಟೇ, ನಾಟಿಯ ಹೊತ್ತಿಗೆ ಮನೆಯಲ್ಲಿ ಸಾಲ ಇರುತ್ತದೆಯೇ ಹೊರತು ಹಣ ಇರುವುದಿಲ್ಲ. ಒಣಬೇಸಾಯದ ಮನೆಯವರಾದರೆ ಗುಳೆ ಹೋಗಿರುತ್ತಾರೆ. ಇಂಥ ತಿಂಗಳಲ್ಲಿ "ಐದು ದಿನದೊಳಗೆ ಶುಲ್ಕ ಕಟ್ಟಿ, ಮೂಲ ದಾಖಲೆಗಳೊಂದಿಗೆ ಖುದ್ದು ಹಾಜರಾಗಿ" ಎಂಬ ಸೂಚನೆ ಎಲ್ಲ ಮನೆಗೂ ಒಂದೇ ಅರ್ಥದಲ್ಲಿ ತಲುಪುವುದಿಲ್ಲ. ಸಂಬಳದ ಮನೆಯ ಮಗುವಿಗೆ ಐದು ದಿನ ಧಾರಾಳವಾಯಿತು. ಕೂಲಿಯ ಮನೆಯ ಮಗುವಿಗೆ ಸಾಲ ಕೊಡುವವರನ್ನು ಹುಡುಕುವುದಕ್ಕೇ ಅಷ್ಟು ದಿನ ಬೇಕು.

ವಿಶ್ವವಿದ್ಯಾಲಯ ನಮಗೆ ಹತ್ತಿರ ಬಂದದ್ದಾದರೂ ಎಷ್ಟು ನಿಧಾನವಾಗಿ! ನಿಜಾಮರ ಆಳ್ವಿಕೆಯ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರದವರಿಗೆ ಉನ್ನತ ಶಿಕ್ಷಣ ಎಂದರೆ ಹೈದರಾಬಾದು. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಮಗು ಬೇರೊಂದು ಭಾಷೆಯಲ್ಲಿ ಪರೀಕ್ಷೆ ಬರೆದು ಗೆಲ್ಲಬೇಕಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ನಮ್ಮ ಮುಖ ಧಾರವಾಡದ ಕಡೆ ತಿರುಗಿತು. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) ಸ್ನಾತಕೋತ್ತರ ಕೇಂದ್ರ ತೆರೆಯಿತು, 1980ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಹೈದರಾಬಾದ್ ಕರ್ನಾಟಕದ ಹಳ್ಳಿಗಳಿಂದ ಬಂದ ಮೊದಲ ತಲೆಮಾರಿನ ಲೆಕ್ಚರರು, ಅಧಿಕಾರಿಗಳು, ಪತ್ರಕರ್ತರು ತಯಾರಾದದ್ದು ಬಹುಮಟ್ಟಿಗೆ ಸೇಡಂ ರಸ್ತೆಯ ಆ 'ಜ್ಞಾನಗಂಗೆ' ಆವರಣದಲ್ಲಿ. 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಶುರುವಾಗಿ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಅದರ ತೆಕ್ಕೆಗೆ ಹೋದವು. ಇಂದು ಅದಕ್ಕೆ ಮಹರ್ಷಿ ವಾಲ್ಮೀಕಿಯ ಹೆಸರು.

ಅಂದರೆ ಪದವಿ ಒಂದು ವಿಶ್ವವಿದ್ಯಾಲಯದ್ದು, ಎಂ.ಎ. ಸೀಟಿಗೆ ಅರ್ಜಿ ಇನ್ನೊಂದಕ್ಕೆ, ಜೊತೆಗೆ ಇರಲಿ ಎಂದು ಧಾರವಾಡಕ್ಕೊಂದು, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೊಂದು. ಒಬ್ಬರ ಫಲಿತಾಂಶ ತಡವಾದರೆ ಇನ್ನೊಬ್ಬರ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ. ಎಲ್ಲರೂ ತಂತಮ್ಮ ದಿನಾಂಕದಲ್ಲಿ ಪಟ್ಟಿ ಬಿಡುತ್ತಾರೆ. ಮೊದಲು ಬಂದ ಪಟ್ಟಿಗೆ ದುಡ್ಡು ಕಟ್ಟಿ ಟಿ.ಸಿ. ಕೊಟ್ಟುಬಿಡಬೇಕೋ, ಬೇಕಾದ ವಿಷಯಕ್ಕೆ ಇನ್ನೊಂದು ವಾರ ಕಾಯಬೇಕೋ ಎಂಬ ಲೆಕ್ಕವನ್ನು ಇಪ್ಪತ್ತೊಂದರ ಮಗು ಒಂಟಿಯಾಗಿ ಹಾಕಬೇಕು. ಮನೆಯಲ್ಲಿ ಅದಕ್ಕಿಂತ ಮೊದಲು ಕಾಲೇಜು ಕಂಡವರು ಯಾರೂ ಇರುವುದಿಲ್ಲ.

ಇಲ್ಲಿ ಒಂದು ಸಂಗತಿ ಎಲ್ಲ ಪಾಲಕರಿಗೂ ಗೊತ್ತಿರಬೇಕು. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಯಾವ ಕಾಲೇಜೂ ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸು ಕೊಡಬೇಕು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಸೀಟು ಬಿಟ್ಟರೆ ಪ್ರಕ್ರಿಯೆಯ ಅಲ್ಪ ಕಡಿತದ ಹೊರತು ಕಟ್ಟಿದ ಶುಲ್ಕವನ್ನೆಲ್ಲ ಮರಳಿಸಬೇಕು, ತಡವಾದಷ್ಟೂ ಮೊತ್ತ ಕಡಿಮೆಯಾಗುತ್ತ ಹೋಗುತ್ತದೆ. ಈ ನಿಯಮ ಬಲ್ಲ ಪಾಲಕರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡದ್ದು ಬಹಳ ವಿರಳ. "ಒಮ್ಮಿ ಕಟ್ಟಿದ್ದು ಹೊಳ್ಳಿ ಬರಂಗಿಲ್ರಿ" ಎಂದು ನಂಬಿಕೊಂಡೇ ಮಕ್ಕಳು ಬೇಡದ ಕೋರ್ಸಿನಲ್ಲಿ ಕೂತಿದ್ದಾರೆ.

ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯ ಬಗ್ಗೆ ಹೇಳದೆ ಈ ಮಾತು ಮುಗಿಯದು. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಾಗಿ, 2013ರಲ್ಲಿ ಆದೇಶ ಹೊರಬಿದ್ದ ಮೇಲೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ಶೇ 8ರಷ್ಟು. ಆ ಪಾಲು ಸಿಗುವ ಕಾಲೇಜುಗಳು ಈಗ ಹತ್ತಿರದಲ್ಲೇ ಇವೆ. ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, 2022-23ರಲ್ಲಿ 150 ಸೀಟುಗಳೊಂದಿಗೆ ಅದರ ಮೊದಲ ತಂಡ ಸೇರಿತು. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ. ಆದರೆ ಈ ಹಕ್ಕು ಕೈಗೆ ಬರುವುದು ಉಪವಿಭಾಗಾಧಿಕಾರಿಯ ಸಹಿಯುಳ್ಳ ಅರ್ಹತಾ ಪತ್ರದಿಂದ. ಹುಣಸಗಿ ಕಡೆಯ ಹಳ್ಳಿಯವರು ಅದಕ್ಕೆ ದಾಖಲೆ ಹೊಂದಿಸಿ, ಅರ್ಜಿ ಕೊಟ್ಟು, ಯಾದಗಿರಿಯ ಕಚೇರಿಗೆ ಎಡತಾಕಿ ಪಡೆಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಬಂದಿರುತ್ತದೆ. ಪತ್ರವಿಲ್ಲದೆ ಅರ್ಜಿ ಹಾಕಿದ ಮಗು ಸಾಮಾನ್ಯ ಪಟ್ಟಿಯಲ್ಲಿ ಸ್ಪರ್ಧಿಸುತ್ತದೆ, ತನ್ನದೇ ನೆಲದಲ್ಲಿ ಸ್ಥಳೀಯರ ಪಾಲಿನಿಂದ ಹೊರಗುಳಿಯುತ್ತದೆ. ಈ ಪತ್ರವನ್ನು ಪಿಯುಸಿ ತರಗತಿಯಲ್ಲಿರುವಾಗಲೇ ಕಾಲೇಜುಗಳು ಮುಂದೆ ನಿಂತು ಮಾಡಿಸಿಕೊಡಬಹುದು. ಕೆಲವು ಪ್ರಾಂಶುಪಾಲರು ಮಾಡಿಸುತ್ತಲೂ ಇದ್ದಾರೆ, ಅವರಿಗೆ ಕೈಮುಗಿಯಬೇಕು.

ಕಾಯುವುದನ್ನು ಸಹ್ಯ ಮಾಡುವ ದಾರಿ ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ್ದಲ್ಲ. ಸಿಇಟಿ ಬರೆದ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮೊದಲು ಅಣಕು ಹಂಚಿಕೆ ತೋರಿಸುತ್ತದೆ, ಆಯ್ಕೆಗಳ ಕ್ರಮ ಬದಲಿಸಲು ಅವಕಾಶ ಕೊಡುತ್ತದೆ, ನಿಜವಾದ ಹಂಚಿಕೆಯ ನಂತರ ಸೀಟು ಒಪ್ಪಬಹುದು, ಮುಂದಿನ ಸುತ್ತಿಗೆ ಕಾಯಬಹುದು. ಹಿಂದಿನ ವರ್ಷ ಯಾವ ರ್‍ಯಾಂಕಿಗೆ ಯಾವ ಕಾಲೇಜು ಸಿಕ್ಕಿತ್ತು ಎಂಬುದೂ ಜಾಲತಾಣದಲ್ಲಿ ಇರುತ್ತದೆ. ತಾನೆಲ್ಲಿ ನಿಂತಿದ್ದೇನೆ ಎಂದು ಮಗುವಿಗೆ ಗೊತ್ತಾಗುತ್ತದೆ. ಅಲ್ಲೂ ಎಡವಟ್ಟು ಇಲ್ಲದಿಲ್ಲ. 2024ರಲ್ಲಿ ವೈದ್ಯಕೀಯ ಸೀಟಿನ ನೀಟ್ ಫಲಿತಾಂಶ ಜೂನ್ 4ಕ್ಕೆ ಬಂದು, ಕೃಪಾಂಕದ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, 1,563 ಮಂದಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟು, ಅಂತಿಮ ಪರಿಷ್ಕೃತ ಫಲಿತಾಂಶ ಹೊರಬಂದದ್ದು ಜುಲೈ 26ಕ್ಕೆ. ಎಲ್ಲೋ ದಿಲ್ಲಿಯಲ್ಲಿ ಆದ ತಪ್ಪಿಗೆ ಶಹಾಪುರದ ಮನೆಯೊಂದು ಎರಡು ತಿಂಗಳು ನಿದ್ದೆಗೆಟ್ಟಿತು. ಆದರೂ ಆ ವ್ಯವಸ್ಥೆಯಲ್ಲಿ ಒಂದು ಕ್ರಮ ಇದೆ. ಎಂ.ಎ., ಎಂ.ಎಸ್ಸಿ. ಸೇರುವ ಬಡಮಕ್ಕಳಿಗೆ ಮಾತ್ರ ಆ ಕ್ರಮ ಏಕಿರಬಾರದು?

ಬ್ರಿಟನ್ನಿನಲ್ಲಿ ನಮ್ಮ ಪಿಯುಸಿಯಂಥ ಎ-ಲೆವೆಲ್ ಪರೀಕ್ಷೆಯ ಫಲಿತಾಂಶ ಆಗಸ್ಟ್ ತಿಂಗಳ ಒಂದು ಗುರುವಾರ ಬರುತ್ತದೆ. ಯಾವ ಗುರುವಾರ ಎಂಬುದು ಬಹಳ ಮೊದಲೇ ಇಡೀ ದೇಶಕ್ಕೆ ಗೊತ್ತಿರುತ್ತದೆ, ವಿಶ್ವವಿದ್ಯಾಲಯದ ಸೀಟು ಖಚಿತವಾಯಿತೇ ಎಂಬುದೂ ಅದೇ ದಿನ ತಿಳಿಯುತ್ತದೆ. ಅದಕ್ಕೆ ಬೇಕಾದದ್ದು ಶ್ರೀಮಂತಿಕೆಯಲ್ಲ, ಹೇಳಿದ ದಿನ ಹೇಳಿದಂತೆ ಮಾಡುವ ಶಿಸ್ತು.

ಸೀಟು ಸಿಕ್ಕ ಮೇಲೆ ಇನ್ನೊಂದು ಕಾಯುವಿಕೆ ಶುರು. ಅದು ಹಾಸ್ಟೆಲ್ ಪಟ್ಟಿ. ಬಿಸಿಎಂ ಹಾಸ್ಟೆಲ್ಲೋ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲೋ ಸಿಗುವವರೆಗೆ ಕಲಬುರಗಿಯಲ್ಲಿ ಉಳಿಯುವುದು ಎಲ್ಲಿ? ಗಂಡುಮಕ್ಕಳು ಪರಿಚಿತರ ರೂಮಿನಲ್ಲಿ ನಾಲ್ಕನೆಯವರಾಗಿ, ಐದನೆಯವರಾಗಿ ಮಲಗುತ್ತಾರೆ. ಹೆಣ್ಣುಮಕ್ಕಳಿಗೆ ಅದೂ ಇಲ್ಲ. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾದದ್ದರಿಂದ ಎಷ್ಟೋ ಹುಡುಗಿಯರು ಅಪ್ಪನ ಕೈ ನೋಡದೆ ದಾಖಲೆ ಹಿಡಿದು ಕಲಬುರಗಿಗೆ ಹೋಗಿಬರುವಂತಾಗಿದೆ, ಅದು ಸಣ್ಣ ಮಾತಲ್ಲ. ಆದರೆ ಸುರಪುರದಿಂದ ದಿನಾ ನೂರು ಕಿಲೋಮೀಟರಿನಷ್ಟು ಹೋಗಿ, ಮತ್ತೆ ಅಷ್ಟೇ ದೂರ ಬಂದು ಎರಡು ವರ್ಷ ಓದಲಾದೀತೇ? ಹಾಸ್ಟೆಲ್ ಪಟ್ಟಿ ತಡವಾದಷ್ಟು ದಿನ ಮನೆಯಲ್ಲಿ ಇನ್ನೊಂದು ಮಾತು ಬಲಿಯುತ್ತದೆ. "ಹೆಂಗೂ ಕುಂತಾಳ, ಒಂದ್ ಛಲೋ ಸಂಬಂಧ ಬಂದಾದ." ಪಟ್ಟಿ ಕಾಯುತ್ತ ಕೂತ ಹುಡುಗಿಯ ಮದುವೆ ನಿಶ್ಚಯವಾದರೆ ಅದನ್ನು ಯಾವ ವಿಶ್ವವಿದ್ಯಾಲಯವೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದ್ದು ಶೇ 75.36. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಶೇ 93.90ರೊಂದಿಗೆ ಮೊದಲು, ನಾವು ಶೇ 48.45ರೊಂದಿಗೆ ಕೊನೆ. ಪ್ರತಿ ವರ್ಷ ಫಲಿತಾಂಶ ಬಂದಾಗ ನಮ್ಮ ಜಿಲ್ಲೆಯ ಹೆಸರು ಹಿಡಿದು ಮರುಗುವವರು ಬಹಳ. ಇಂಥ ಜಿಲ್ಲೆಯಲ್ಲಿ ಪಿಯುಸಿ ದಾಟಿ, ಪದವಿ ದಾಟಿ, ಎಂ.ಎ. ಬಾಗಿಲಿಗೆ ಬಂದು ನಿಂತ ಮಗು ಎಷ್ಟು ಜರಡಿಗಳಿಂದ ಉಳಿದುಬಂದ ಕಾಳು! ಅದನ್ನು ಕೊನೆಯಲ್ಲಿ ಒಂದು ಚಲನ್ನಿನ ತಾರೀಖಿಗಾಗಿ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಹಾಗಾಗಿ ಕಲಬುರಗಿ ಮತ್ತು ರಾಯಚೂರಿನ ಕುಲಪತಿಗಳಲ್ಲಿ, ಕುಲಸಚಿವರಲ್ಲಿ ನನ್ನ ವಿನಂತಿ. ಪದವಿ ಫಲಿತಾಂಶ, ಪ್ರವೇಶ ಪಟ್ಟಿ, ಹಾಸ್ಟೆಲ್ ಪಟ್ಟಿ ಮೂರರ ದಿನಾಂಕವನ್ನೂ ಒಟ್ಟಿಗೆ ಕೂತು ನಿಗದಿಪಡಿಸಿ, ಮೊದಲೇ ಪ್ರಕಟಿಸಿ. ಆಯ್ಕೆಯಾಗದವರಿಗೂ ಅವರ ಕ್ರಮಸಂಖ್ಯೆ ಎಷ್ಟು, ಮುಂದೆ ಎಷ್ಟು ಜನ ಇದ್ದಾರೆ ಎಂಬುದನ್ನು ಮೊಬೈಲ್ ಸಂದೇಶದಲ್ಲಿ ಕನ್ನಡದಲ್ಲೇ ತಿಳಿಸಿ. ಶುಲ್ಕಕ್ಕೆ ಹದಿನೈದು ದಿನ ಕೊಡಿ, ಆದಾಯ ಪ್ರಮಾಣಪತ್ರ ತಂದವರಿಂದ ಮೊದಲ ಕಂತು ಮಾತ್ರ ಕಟ್ಟಿಸಿಕೊಂಡು ಉಳಿದದ್ದನ್ನು ಸುಗ್ಗಿಯ ನಂತರ ತೆಗೆದುಕೊಳ್ಳಿ. ದಾಖಲೆ ಪರಿಶೀಲನೆಗೆ ಯಾದಗಿರಿ, ಶಹಾಪುರ, ಸುರಪುರದ ಸರ್ಕಾರಿ ಪದವಿ ಕಾಲೇಜುಗಳಲ್ಲೇ ಒಂದೊಂದು ಮೇಜು ಹಾಕಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ಒಂದು ಸುತ್ತೋಲೆ ಸಾಕು, ಅದನ್ನು ಈ ವರ್ಷದ ಪಟ್ಟಿ ಬರುವ ಮೊದಲೇ ಹೊರಡಿಸಿ.