ಬಿಂದುವಿನ ಹಿಂದಿನ ಶಾಲೆ: ರಝಾ ಚಿತ್ರಗಳಲ್ಲಿ ಬಾಲ್ಯದ ನೆನಪು

ಸಯ್ಯದ್ ಹೈದರ್ ರಝಾ ಅವರ ಹೆಸರಿನೊಡನೆ ಮೊದಲು ನೆನಪಾಗುವುದು ಕಪ್ಪು ಬಿಂದು. ಅದನ್ನು ಶೂನ್ಯವೆಂದೂ ಬೀಜವೆಂದೂ ಸೃಷ್ಟಿಮೂಲವೆಂದೂ ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ವಿವರಿಸುವ ಬರಹಗಳು ಬೇಕಾದಷ್ಟಿವೆ. ಪಶ್ಚಿಮದಲ್ಲಿ ನೆಲೆಸಿದ ಕಲಾವಿದ ಕಡೆಗೆ ಭಾರತೀಯ ಪರಂಪರೆಗೆ ಮರಳಿದನೆಂಬ ತೀರ್ಮಾನದಲ್ಲಿ ಅವು ಸಾಮಾನ್ಯವಾಗಿ ಮುಗಿಯುತ್ತವೆ. ಈ ತೀರ್ಮಾನ ಅನುಕೂಲಕರವಾದುದೇ ಹೊರತು ಆ ಚಿತ್ರಗಳಿಗೆ ನ್ಯಾಯ ಒದಗಿಸುವಂಥದಲ್ಲ.

ರಝಾ ಹುಟ್ಟಿದ್ದು 1922ರಲ್ಲಿ, ಇಂದಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾ ಎಂಬ ಹಳ್ಳಿಯಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರರು. ಕಾಡಿನ ರಾತ್ರಿಗಳ ಭಯ, ಗೊಂಡರ ಕುಣಿತ, ಬೆಳಗಾದಾಗ ಮರಳುತ್ತಿದ್ದ ನೆಮ್ಮದಿ ಇವನ್ನು ಅವರು ಮುಂದೆ ಹಲವು ಬಾರಿ ಸ್ಮರಿಸಿದ್ದಾರೆ. ಮನಸ್ಸು ನಿಲ್ಲದ ಹುಡುಗನಿಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಗೋಡೆಯ ಮೇಲೆ ಒಂದು ಚುಕ್ಕೆ ಬರೆದು, ಅದನ್ನೇ ನೋಡುತ್ತಿರುವಂತೆ ಹೇಳಿದರೆಂಬ ಪ್ರಸಂಗವೂ ಪ್ರಸಿದ್ಧವಾದುದು. ಆ ಚುಕ್ಕೆ ಮತಬೋಧೆಯಾಗಿರಲಿಲ್ಲ, ದರ್ಶನವೂ ಆಗಿರಲಿಲ್ಲ. ಹಿಂದೂ ಉಪಾಧ್ಯಾಯರೊಬ್ಬರು ಮುಸ್ಲಿಂ ಬಾಲಕನ ಚಾಂಚಲ್ಯಕ್ಕೆ ಕಂಡುಕೊಂಡ ಸರಳ ಉಪಾಯವಾಗಿತ್ತು.

ಗಮನಿಸಬೇಕಾದುದು ಈ ನೆನಪು ಚಿತ್ರವಾಗಲು ಹಿಡಿದ ಕಾಲವನ್ನು. 1947ರಲ್ಲಿ ಮುಂಬೈಯ ಪ್ರಗತಿಶೀಲ ಕಲಾವಿದರ ಗುಂಪಿನ ಸ್ಥಾಪಕರಲ್ಲಿ ರಝಾ ಒಬ್ಬರು. ದೇಶವಿಭಜನೆಯ ನಂತರ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರೂ ಅವರು ಇಲ್ಲಿಯೇ ಉಳಿದರು. 1948ರಲ್ಲಿ ಕಾಶ್ಮೀರದಲ್ಲಿ ಭೇಟಿಯಾದ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸ್ಸಾನ್, ಅವರ ಚಿತ್ರಗಳಲ್ಲಿ ರಚನೆಯ ಬಿಗಿ ಸಾಲದೆಂದು ಹೇಳಿ ಸೆಜಾನ್‌ನ ಅಧ್ಯಯನವನ್ನು ಸೂಚಿಸಿದರು. 1950ರಲ್ಲಿ ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪ್ಯಾರಿಸ್ಸಿಗೆ ತೆರಳಿದ ರಝಾ, 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿಗೆ ಪಾತ್ರರಾದರು. ಬಿಂದು ಅವರ ಚಿತ್ರಗಳ ಕೇಂದ್ರಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯ ವೇಳೆಗೆ, ಅಂದರೆ ಶಾಲೆಯ ಗೋಡೆಯನ್ನು ಬಿಟ್ಟು ಸುಮಾರು ಅರ್ಧ ಶತಮಾನವಾದ ಮೇಲೆ.

ಆದ್ದರಿಂದ ಇದನ್ನು ಮರಳುವಿಕೆ ಎನ್ನುವುದಕ್ಕಿಂತ ದೂರದಿಂದ ನಡೆದ ನಿರ್ಮಾಣ ಎನ್ನುವುದು ಹೆಚ್ಚು ಸರಿ. ಚುಕ್ಕೆ ಮಂಡ್ಲಾದ್ದು, ಅದನ್ನು ಚೌಕ, ತ್ರಿಕೋನಗಳ ನಡುವೆ ನಿಲ್ಲಿಸುವ ಶಿಸ್ತಿನಲ್ಲಿ ಪ್ಯಾರಿಸ್ಸಿನ ಕಲಿಕೆಯೂ ಸೇರಿದೆ. ಒಂದನ್ನು ತೆಗೆದರೆ ಇನ್ನೊಂದು ಚಿತ್ರವಾಗಿ ನಿಲ್ಲುವುದಿಲ್ಲ. ಆತ್ಮಕಥನವನ್ನು ಅಭ್ಯಸಿಸುವವರಿಗೆ ಇದು ಅಪರಿಚಿತ ಸಂಗತಿಯಲ್ಲ: ಬಾಲ್ಯವನ್ನು ಬರೆಯುವ ಭಾಷೆ ಬಾಲ್ಯದಲ್ಲಿ ಇರುವುದಿಲ್ಲ, ಅದು ಅನಂತರದ ಗಳಿಕೆ.

ಬಿಂದು ಬರುಬರುತ್ತಾ ಮುದ್ರೆಯಾಯಿತು, ಮಾರುಕಟ್ಟೆಯ ಗುರುತಾಯಿತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1983ರ ‘ಸೌರಾಷ್ಟ್ರ’ 2010ರ ಲಂಡನ್ ಹರಾಜಿನಲ್ಲಿ ಸುಮಾರು 24 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಕೊನೆಯ ವರ್ಷಗಳ ಎಷ್ಟೋ ಬಿಂದುಗಳಲ್ಲಿ ಪುನರಾವರ್ತನೆಯ ದಣಿವೂ ಇದೆ. ಆದರೆ ಈ ದೋಷದಿಂದ ‘ಮಾ’ (1981) ಎಂಬ ಚಿತ್ರದ ತೂಕ ಕಡಿಮೆಯಾಗದು. ಅದರಲ್ಲಿ ಹಿಂದಿ ಕವಿ ಅಶೋಕ್ ವಾಜಪೇಯಿ ಅವರ ಸಾಲೊಂದು ದೇವನಾಗರಿ ಅಕ್ಷರಗಳಲ್ಲಿದೆ. ತಾಯಿಯನ್ನು ಉದ್ದೇಶಿಸಿದ ಆ ಸಾಲಿನಲ್ಲಿ ಮರಳಿ ಬರುವುದು ಪ್ರಶ್ನೆಯಾಗಿಯೇ ಉಳಿದಿದೆ. ಫ್ರಾನ್ಸಿನಲ್ಲಿ ನೆಲೆ ಕಂಡು ಮೂರು ದಶಕಗಳಾದ ಮೇಲೂ ಉತ್ತರ ಸಿಗದ ಪ್ರಶ್ನೆಯನ್ನು ಪರಂಪರೆಗೆ ಮರಳಿದ ಸಂತೃಪ್ತಿಯೆಂದು ಓದುವುದು ಹೇಗೆ?

2010ರ ಕೊನೆಯಲ್ಲಿ ರಝಾ ದೆಹಲಿಗೆ ಬಂದು ನೆಲೆಸಿದರು. 2016ರ ಜುಲೈಯಲ್ಲಿ ಅಲ್ಲಿಯೇ ತೀರಿಕೊಂಡ ಅವರನ್ನು ಅವರ ಇಚ್ಛೆಯಂತೆ ಮಂಡ್ಲಾದಲ್ಲಿ, ತಂದೆಯ ಸಮಾಧಿಯ ಬಳಿ ಮಣ್ಣುಮಾಡಲಾಯಿತು. ಆ ಸಮಾಧಿಯನ್ನು ಚಿತ್ರಗಳ ವ್ಯಾಖ್ಯಾನವಾಗಿಸುವ ಆಸೆ ಸಹಜವಾದರೂ ಸಂಶೋಧಕರು ಅದರಿಂದ ದೂರವಿರುವುದು ಒಳಿತು. ಭಾರತೀಯವೋ ಪಾಶ್ಚಾತ್ಯವೋ ಎಂಬ ಹಳೆಯ ವಿಂಗಡಣೆಗೆ ಬದಲಾಗಿ, ಯಾವ ನೆನಪು, ಎಷ್ಟು ಕಾಲದ ಬಳಿಕ, ಯಾವ ಊರಿನಲ್ಲಿ ಕುಳಿತಾಗ ರೂಪ ಪಡೆಯಿತೆಂದು ಕೇಳಬೇಕಾಗಿದೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈ ಹಾಗೂ ಪ್ಯಾರಿಸ್ಸುಗಳಲ್ಲಿ ಕಲಿತ ಕೆ.ಕೆ. ಹೆಬ್ಬಾರರ ವಿಷಯದಲ್ಲಿ ಕನ್ನಡದ ಅಧ್ಯಯನಗಳು ಇದೇ ಪ್ರಶ್ನೆಯನ್ನು ಎತ್ತಬಹುದಾಗಿದೆ.